ಉಮ್ಮನ ಪುದೀನ ಮತ್ತು ನೇರಳೆ ಬೆಳಕು

ಹೆದ್ದಾರಿ ಅಗಲವಾಗುವಾಗ ಮಂಜೇಶ್ವರದ ಮನೆ ಹೋಯಿತು. ಉಪ್ಪಳದ ಫ್ಲ್ಯಾಟಿಗೆ ಬರುವಾಗ ಉಮ್ಮ ಬಾವಿಕಟ್ಟೆಯ ಬದಿಯ ಪುದೀನವನ್ನು ಚಟ್ಟಿಯಲ್ಲಿ ತಂದರು. ಇಲ್ಲಿ ಅಡುಗೆಮನೆಗೆ ಬಿಸಿಲಿಲ್ಲ. ಮಳೆಗಾಲದಲ್ಲಿ ಕಡ್ಡಿ ನೀಳವಾಗಿ, ಎಲೆ ಬಿಳಿಚಿಕೊಂಡು, ಗಿಡ ಕಿಟಕಿಯತ್ತ ವಾಲಿತು. ಉಮ್ಮ ಏನೂ ಹೇಳಲಿಲ್ಲ. ದಿನಾ ಚಟ್ಟಿ ತಿರುಗಿಸಿ ಇಡುತ್ತಿದ್ದರು.

ಮೊದಲು ಹಳೆಯ 60 ವ್ಯಾಟಿನ ಬಲ್ಬು ನೇತುಹಾಕಿದೆ. ಅದು ಬೆಳಕಿಗಿಂತ ಶಾಖ ಕೊಡುವುದೇ ಹೆಚ್ಚು. ಹತ್ತಿರದ ಎಲೆಗಳು ಕರಟಿದವು. ಗೋಡೆಯ ಟ್ಯೂಬ್‌ಲೈಟ್ ಸುಡಲಿಲ್ಲ, ಆದರೆ ಅದು ತೀರಾ ದೂರ.

ಆಮೇಲೆ ಕೆಂಪು-ನೀಲಿ ಎಲ್‌ಇಡಿ ತರಿಸಿದೆ. ಎಲೆಯ ಹಸಿರು ಹೆಚ್ಚಾಗಿ ಹೀರುವುದು ಆ ಎರಡು ಬಣ್ಣಗಳನ್ನೇ. ಎರಡು ವಾರದಲ್ಲಿ ಚಿಗುರು ಬಂತು. ಖುಷಿಯಿಂದ ಉಮ್ಮನನ್ನು ಕರೆದೆ. ಅವರು ಬಗ್ಗಿ ನೋಡಿ, "ಎಲ್ಲ ಕಪ್ಪಾಗಿ ಕಾಣುತ್ತದಲ್ಲ ಮೋನೆ, ಎಲೆ ಹಳದಿಯೋ ಹಸಿರೋ ಹೇಗೆ ಗೊತ್ತಾಗುವುದು?" ಎಂದರು. ಎಲೆಯ ಬಣ್ಣ ನೋಡಿಯೇ ನೀರು, ಗೊಬ್ಬರ ಕೊಟ್ಟು ಬೆಳೆಸಿದವರು. ನಾನು ತಂದ ದೀಪ ಅದನ್ನೇ ಕಿತ್ತುಕೊಂಡಿತ್ತು.

ಈಗ 20 ವ್ಯಾಟಿನ ಬಿಳಿ ಎಲ್‌ಇಡಿ ಇದೆ, ಗಿಡದಿಂದ ಒಂದು ಗೇಣು ಮೇಲೆ. ಬಿಳಿಯೊಳಗೂ ಕೆಂಪು, ನೀಲಿ ಇದ್ದೇ ಇವೆ. ದಿನಕ್ಕೆ 12 ಗಂಟೆ ಉರಿದರೂ ಎರಡು ತಿಂಗಳ ಬಿಲ್ಲಿನಲ್ಲಿ 15 ಯೂನಿಟ್ ದಾಟುವುದಿಲ್ಲ. ರಾತ್ರಿ ಉಮ್ಮನೇ ಆರಿಸುತ್ತಾರೆ, ಗಿಡಕ್ಕೂ ಕತ್ತಲೆ ಬೇಕಂತೆ.

ಕಳೆದ ಶುಕ್ರವಾರ ಬಿರಿಯಾನಿಗೆ ಒಂದು ಹಿಡಿ ಕಿತ್ತರು. ಅಂಗಡಿಯಿಂದ ತಂದಿದ್ದ ಕಟ್ಟು ಫ್ರಿಜ್ಜಿನಲ್ಲೇ ಉಳಿಯಿತು.