ಔರಾದಿನ ಮರದ ಮೀನು

ಬೀದರಿನಲ್ಲಿ ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಬಿದರಿ ಹೂಜಿಗಳ ಮೇಲಣ ಬೆಳ್ಳಿಯ ಬಳ್ಳಿಗಳನ್ನೂ, ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯವನ್ನೂ ನೋಡಿಕೊಂಡು ನಾವು ಔರಾದಿಗೆ ಹೋದೆವು. ಅಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು, ಗಾಳಕ್ಕೆ ಕಟ್ಟಲು ತಾನೇ ಕೆತ್ತಿದ ಮರದ ಮೀನಿಗೆ ಏರ್‌ಬ್ರಷ್ ಎಂಬ ಗಾಳಿಕುಂಚದಿಂದ ಬಣ್ಣವೂದುತ್ತಿದ್ದನು. ಮೊದಲು ಬಿಳಿಯ ಲೇಪ. ಅದು ಒಣಗಿದ ಮೇಲೆ ಬಲೆಬಟ್ಟೆಯನ್ನು ಬಿಗಿದು ಊದಿದರೆ ಹುರುಪೆಗಳು ಮೂಡುವುವು. ಕಡೆಗೆ ನೀರು ತಾಗದಂತೆ ವಾರ್ನಿಷು. ನಾವು ಅವಸರದಿಂದ ಹತ್ತಿರ ಹಿಡಿದು ಊದಲು ಬಣ್ಣವು ಹನಿಹನಿಯಾಗಿ ಇಳಿದುಹೋಯಿತು. ಆತನು ಅದನ್ನು ಒರಸಿ, "ತೆಳ್ಳಗೆ ಊದಿರಿ, ಗುರುಗಳೇ, ಒಣಗಲಿ, ಮತ್ತೊಮ್ಮೆ ಊದೋಣ" ಎಂದನು. ಹಲಗೆಯ ಮೇಲೆ ಮೀನು ಬರೆದನೆಂದು ಒಮ್ಮೆ ಆ ಕೈಗೇ ಬೆತ್ತ ಬೀಸಿದವರು ನಾವು. ವಾಚಕರೇ, ಈ ತಾಳ್ಮೆಯನ್ನು ಆತನು ನಮ್ಮಿಂದ ಕಲಿತುದಲ್ಲ.