ಬಳಸಿದ ವಿದ್ಯುತ್ ಕಾರು

2001ರಲ್ಲಿ ಬೆಂಗಳೂರಿನ ‘ರೇವಾ’ ಕಾರಿನ ಚಿತ್ರವನ್ನು ತರಗತಿಯಲ್ಲಿ ತೋರಿಸಿದಾಗ ನೀವೆಲ್ಲ ನಕ್ಕಿದ್ದು ನನಗೆ ನೆನಪಿದೆ. ಕಳೆದ ತಿಂಗಳು ಮೊಮ್ಮಕ್ಕಳ ಒತ್ತಾಯಕ್ಕೆ ಮಣಿದು, ಬಳಸಿದ ವಿದ್ಯುತ್ ಕಾರೊಂದನ್ನು ನೋಡಲು ಬೀದರಿಗೆ ಹೋಗಿದ್ದೆ. 2020ರ ಟಾಟಾ ನೆಕ್ಸಾನ್. ಬಣ್ಣ, ಆಸನ ಎಲ್ಲವೂ ಹೊಸದರಂತೆಯೇ ಇದ್ದವು. ಆದರೆ ಇಂಥ ಕಾರಿನ ಆಯುಷ್ಯವಿರುವುದು ಬ್ಯಾಟರಿಯಲ್ಲಿ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ ನಮ್ಮ ತಂದೆಯವರೂ ಇಲ್ಲಿ ಸೋಲುತ್ತಿದ್ದರು.

ಬ್ಯಾಟರಿ 30.2 ಯೂನಿಟ್ಟಿನದು, ಪರೀಕ್ಷೆಯ ಲೆಕ್ಕದಲ್ಲಿ 312 ಕಿ.ಮೀ. ನಮ್ಮ ಬಿಸಿಲಿನಲ್ಲಿ ಎ.ಸಿ. ಹಾಕಿಕೊಂಡು ಓಡಿಸಿದರೆ 200ರ ಆಸುಪಾಸು ಎಂದು ಮಾರುವವನೇ ಒಪ್ಪಿದ. ಜನವಾಡದಿಂದ ಹೈದರಾಬಾದಿಗೆ ಸುಮಾರು 150. ನಮ್ಮ ಮನೆಯವರ ಹೃದಯ ತಪಾಸಣೆಗೆ ಮೂರು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಲೇಬೇಕು. ಹೋಗುವುದೇನೋ ಸರಿ, ಬರುವುದು? ದಾರಿಯಲ್ಲಿ ಆಕೆಯನ್ನು ಕೂರಿಸಿಕೊಂಡು ಚಾರ್ಜಿಗಾಗಿ ಕಾಯುವ ಧೈರ್ಯ ನನಗಿಲ್ಲ. ಕಂಪನಿಯ ಬ್ಯಾಟರಿ ವಾರಂಟಿಯೂ 8 ವರ್ಷ ಅಥವಾ 1,60,000 ಕಿ.ಮೀ. ಮಾತ್ರ, ಈ ಕಾರಿಗೆ 2028ರಲ್ಲಿ ತೀರುತ್ತದೆ.

“ಪೂರ್ತಿ ಚಾರ್ಜ್ ಮಾಡಿ ಹುಮನಾಬಾದಿಗೆ ಹೋಗಿ ಬರೋಣ, ಎಷ್ಟು ಇಳಿಯುತ್ತದೆ ನೋಡೋಣ” ಎಂದೆ.

“ಅಷ್ಟು ದೂರ ಯಾಕ್ರಿ ಸರ್?” ಎಂದು ನಕ್ಕ. ಬ್ಯಾಟರಿಯ ಆರೋಗ್ಯದ ವರದಿ ಕೇಳಿದರೆ ಚಹಾ ತರಿಸಿದ. ಚಹಾ ಕುಡಿದು, ಮುಂಗಡ ಕೊಡದೆ ಬಂದೆ.

ಬರುವ ಭಾನುವಾರ ಭಾಲ್ಕಿಯಲ್ಲಿ ಇನ್ನೊಂದು ಕಾರು ನೋಡುವುದಿದೆ. ಅದರ ಮಾಲೀಕರು ವರದಿ ತೋರಿಸಲು ಒಪ್ಪಿದ್ದಾರೆ.