ಬೆಂಕಿಪೊಟ್ಟಣದೊಳಗಿನ ದೃಷ್ಟಾಂತ

ಪವಿತ್ರ ಕುರ್‌ಆನಿನ 16ನೇ ಅಧ್ಯಾಯಕ್ಕೆ ಜೇನುನೊಣದ ಹೆಸರಿದೆ, 27ನೇ ಅಧ್ಯಾಯಕ್ಕೆ ಇರುವೆಯ ಹೆಸರಿದೆ. ವರ್ಷಗಳಿಂದ ನಾವು ಇವೆರಡನ್ನೂ ಮದ್ರಸದ ಮಕ್ಕಳಿಗೆ ಓದಿಸುತ್ತಾ ಬಂದಿದ್ದೇವೆ. ಆದರೆ ಒಂದು ಇರುವೆಯ ಸಾಲಿನ ಮುಂದೆ ಕುಳಿತು ಅದನ್ನು ಗಮನವಿಟ್ಟು ನೋಡಿದವರಲ್ಲ. ನೋಡುವುದನ್ನು ನಮಗೆ ಕಲಿಸಿದವನು ಹತ್ತು ವರ್ಷದ ಒಬ್ಬ ವಿದ್ಯಾರ್ಥಿ.

ನಂಜನಗೂಡು ಸೀಮೆಯ ತಾಂಡ್ಯದಲ್ಲಿ ಕಾರ್ಖಾನೆಗಳ ನಡುವಿನ ಖಾಲಿ ಜಾಗಗಳಲ್ಲಿ ಎಕ್ಕ, ಲಂಟಾನ ಮುಂತಾದ ಗಿಡಗಳು ಬೆಳೆದಿರುತ್ತವೆ. ಆ ಬಾಲಕ ಬರುತ್ತಿದ್ದುದು ಆ ದಾರಿಯಲ್ಲೇ. ಒಂದು ದಿನ ಪಾಠದ ನಡುವೆ ಅವನ ಜೇಬಿನಿಂದ ಬೆಂಕಿಪೊಟ್ಟಣವೊಂದು ಕೆಳಗೆ ಬಿತ್ತು. ಒಳಗೆ ಎರಡು ಪತಂಗಗಳು, ಒಂದು ಜೀರುಂಡೆ. ನಾವು ಅದನ್ನು ಕಿಟಕಿಯಾಚೆ ಎಸೆದು, "ಆಟಕ್ಕಾಗಿ ಜೀವ ತೆಗೆಯುವುದು ಪಾಪವೆಂದು ತಿಳಿಯದೇ?" ಎಂದು ಎಲ್ಲರ ಮುಂದೆ ಗದರಿದೆವು. ಒಂದು ಇರುವೆ ಕಚ್ಚಿತೆಂದು ಇಡೀ ಗೂಡನ್ನೇ ಸುಡಿಸಿದ ಪ್ರವಾದಿಯೊಬ್ಬರನ್ನು ಅಲ್ಲಾಹನು ಆಕ್ಷೇಪಿಸಿದ ಹದೀಸನ್ನೂ ವಿವರಿಸಿದೆವು. ಬಾಲಕ ಒಂದು ಮಾತೂ ಆಡಲಿಲ್ಲ. ಮುಂದಿನ ಮೂರು ದಿನ ಮದ್ರಸಕ್ಕೆ ಬರಲೂ ಇಲ್ಲ.

ನಾಲ್ಕನೆಯ ದಿನ ಅವನ ಮನೆಗೆ ಹೋದೆವು. ಅವನು ತಲೆ ತಗ್ಗಿಸಿಯೇ ಹೇಳಿದ: "ಹಜ್ರತ್, ನಾನು ಕೊಲ್ಲಲಿಲ್ಲ. ಫ್ಯಾಕ್ಟರಿ ಗೇಟಿನ ದೀಪದ ಕೆಳಗೆ ಬೆಳಿಗ್ಗೆ ಸತ್ತು ಬಿದ್ದಿರುತ್ತವೆ. ಆರಿಸಿಕೊಂಡು ಬರುತ್ತೇನೆ."

ನಮಗೆ ನಾಚಿಕೆಯಾಯಿತು. ಅಂತ್ಯದಿನದಂದು ಜನರು ಚದುರಿದ ಪತಂಗಗಳಂತಾಗುವರೆಂದು ಅಲ್‌ಖಾರಿಅ ಅಧ್ಯಾಯವನ್ನು ಅವನಿಗೆ ಕಂಠಪಾಠ ಮಾಡಿಸಿದವರು ನಾವೇ. ಚದುರಿ ಬಿದ್ದ ಪತಂಗಗಳನ್ನು ಕಣ್ಣಾರೆ ಕಂಡವನು ಅವನು. ವಿಚಾರಿಸದೆ ತೀರ್ಪು ನೀಡಿದ್ದಕ್ಕಾಗಿ ಅವನ ತಂದೆ-ತಾಯಿಯ ಎದುರಿನಲ್ಲೇ ಕ್ಷಮೆ ಕೇಳಿದೆವು.

ಅವನ ಮನೆಯಂಗಳದಲ್ಲಿ ಕರಿಬೇವಿನ ಗಿಡವಿತ್ತು. ಎಲೆಯ ಮೇಲಿದ್ದ ಹಕ್ಕಿಯ ಹಿಕ್ಕೆಯಂಥದೊಂದನ್ನು ತೋರಿಸಿ, ಅದು ಕಂಬಳಿಹುಳುವೆಂದ. ನಿಂಬೆ ಚಿಟ್ಟೆಯ ಮರಿಹುಳು ಎಳವೆಯಲ್ಲಿ ಹಾಗೆಯೇ ಕಾಣುತ್ತದೆ. ಹಕ್ಕಿಗಳನ್ನು ವಂಚಿಸಲು ಸೃಷ್ಟಿಕರ್ತನು ಕೊಟ್ಟ ವೇಷವದು. ಬೆಳೆದ ಮೇಲೆ ಹಸಿರು ಬಣ್ಣ ತಳೆಯುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲಾದ ಕೋಡೊಂದನ್ನು ಹೊರಚಾಚಿ ಘಾಟು ವಾಸನೆ ಬೀರುತ್ತದೆ. ಸತ್ತವನ್ನು ಕೂಡಿಡುವುದಕ್ಕಿಂತ ಬದುಕಿರುವುದನ್ನು ನೋಡೋಣವೆಂದು ಅವನಿಗೆ ಒಂದು ನೋಟ್‌ಬುಕ್ ಕೊಟ್ಟೆವು.

ಕೆಲವು ದಿನಗಳ ನಂತರ ಅದೇ ಗಿಡದಿಂದ ಕೋಶವಿದ್ದ ಒಂದು ಕಡ್ಡಿಯನ್ನು ಅವನು ತರಗತಿಗೆ ತಂದ. ಬಾಯಿಗೆ ತೆಳುಬಟ್ಟೆ ಕಟ್ಟಿದ ಗಾಜಿನ ಬಾಟಲಿಯಲ್ಲಿ ಅದನ್ನು ಇಟ್ಟೆವು. ನಿರ್ಜೀವದಂತಿರುವ ಈ ಕೋಶದಿಂದ ಚಿಟ್ಟೆ ಹೊರಬರುವುದು, ಮರಣಾನಂತರ ನಾವು ಎಬ್ಬಿಸಲ್ಪಡುವುದಕ್ಕೆ ಒಂದು ಸಂಕೇತವೆಂದು ಮಕ್ಕಳಿಗೆ ಉತ್ಸಾಹದಿಂದ ಬೋಧಿಸಿದೆವು. ಎರಡು ವಾರ ಎಲ್ಲರೂ ಕಾದರು. ಚಿಟ್ಟೆ ಬರಲಿಲ್ಲ. ಕೋಶದಲ್ಲಿ ಸಣ್ಣದೊಂದು ರಂಧ್ರ ಮೂಡಿ, ಇರುವೆಗಿಂತಲೂ ಚಿಕ್ಕದಾದ ಹತ್ತಾರು ಕಣಜಗಳು ಹೊರಬಂದವು. ತಾಯಿಕಣಜವು ಮೆತ್ತಗಿರುವ ಹೊಸ ಕೋಶದಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಒಳಗಿನ ಜೀವವನ್ನೇ ತಿಂದು ಬೆಳೆಯುತ್ತವೆ.

"ಹಜ್ರತ್, ಚಿಟ್ಟೆಯದು ಏನು ತಪ್ಪು?" ಎಂದು ಅವನು ಕೇಳಿದ.

ಭೂಮಿಯ ಮೇಲಿನ ಪ್ರತಿಯೊಂದು ಜೀವಿಯ ಅನ್ನಾಧಾರದ ಹೊಣೆ ಅಲ್ಲಾಹನದೆಂದು ಹೂದ್ ಅಧ್ಯಾಯ ತಿಳಿಸುತ್ತದೆ, ಕಣಜಕ್ಕೂ ಅದರ ಪಾಲು ದೊರೆಯಿತು ಎಂದೆವು. ಆದರೆ ಚಿಟ್ಟೆಯ ಪಾಲಿನ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. "ಅಲ್ಲಾಹನೇ ಬಲ್ಲ" ಎಂದು ಒಪ್ಪಿಕೊಂಡೆವು. ಬಾಲಕ ನೋಟ್‌ಬುಕ್ ತೆರೆದು ದಿನಾಂಕ ಹಾಕಿ ಬರೆದ: "ಚಿಟ್ಟೆ ಬರಲಿಲ್ಲ. ಕಣಜ ಬಂತು."

ಕೀಟ ಸಂಗ್ರಹದ ಹವ್ಯಾಸ ಪಕ್ವವಾಗುವುದು ಹೀಗೆಯೇ ಎಂದು ಈಗ ನಮಗೆ ಅನಿಸುತ್ತದೆ. ಮೊದಲು ಕೈ ಹಿಡಿಯಬಯಸುತ್ತದೆ, ಬಳಿಕ ಕಣ್ಣು ನೋಡಬಯಸುತ್ತದೆ, ಕೊನೆಗೆ ಕಂಡದ್ದನ್ನು ಕಂಡಂತೆಯೇ ಬರೆಯುವ ಪ್ರಾಮಾಣಿಕತೆ ಬೆಳೆಯುತ್ತದೆ. ಬ್ರಿಟಿಷರ ಕಾಲದಲ್ಲಿ ಕಾರವಾರದ ಅರಣ್ಯಾಧಿಕಾರಿ ಟಿ.ಆರ್. ಬೆಲ್ ಹಾಗೂ ಅವರ ಗೆಳೆಯರಾದ ಡೇವಿಡ್‌ಸನ್ ಮತ್ತು ಐಟ್ಕಿನ್ ಬಿಡುವಿನ ವೇಳೆಯಲ್ಲಿ ಮರಿಹುಳುಗಳನ್ನು ಸಾಕಿ, ಯಾವುದು ಯಾವ ಗಿಡದ ಎಲೆ ತಿನ್ನುತ್ತದೆಂದು ದಾಖಲಿಸುತ್ತಿದ್ದರು. ಅವರಲ್ಲಿ ಒಬ್ಬರು ಜಿಲ್ಲಾ ಕಲೆಕ್ಟರ್, ಮತ್ತೊಬ್ಬರು ಉಪ್ಪಿನ ಇಲಾಖೆಯವರು. ಉತ್ತರ ಕನ್ನಡದ ಚಿಟ್ಟೆಗಳ ಕುರಿತ ಅವರ ಬರಹಗಳು 1896ರಿಂದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದವು. ಇಂದು ಹಲವು ಚಿಟ್ಟೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಬಲೆ ಹಿಡಿಯಬೇಕಾದ ಅಗತ್ಯ ನಮ್ಮ ಮಕ್ಕಳಿಗಿಲ್ಲ, ನೋಟ್‌ಬುಕ್ ಸಾಕು.

ಸೃಷ್ಟಿಯಲ್ಲಿ ದೃಷ್ಟಾಂತಗಳಿವೆ ಎಂದು ಬೋಧಿಸುವ ನಾವು, ಆ ದೃಷ್ಟಾಂತ ಹೇಗಿರಬೇಕೆಂದು ಮುಂಚಿತವಾಗಿಯೇ ನಿರ್ಧರಿಸಿಬಿಟ್ಟಿರುತ್ತೇವೆ. ಪುನರುತ್ಥಾನದ ಮೇಲಿನ ನಮ್ಮ ವಿಶ್ವಾಸ ಒಂದು ಕೋಶವನ್ನು ಅವಲಂಬಿಸಿಲ್ಲ. ಆ ದಿನ ತಿದ್ದಲ್ಪಟ್ಟದ್ದು ನಮ್ಮ ಆತುರ ಮಾತ್ರ. ಬೆಂಕಿಪೊಟ್ಟಣವನ್ನು ಎಸೆದಾಗಲೂ ನಾವು ಮಾಡಿದ್ದು ಅದೇ ತಪ್ಪು.

ನೋಡುವ ಮುನ್ನ ತೀರ್ಪು ನೀಡುವ ಆತುರದಿಂದ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.